ಎರಡು ಗೀಟು, ಒಂದು ತೆರಪು

ಹೊಸ ಕೆಲಸದ ಮೊದಲ ರಾತ್ರಿ ನಾನು ಮಾಡಿದ್ದು
ಹಿಮ ಅಳೆದದ್ದಲ್ಲ, ನನ್ನ ಹೆಸರಿಗೆ ಬಣ್ಣ ಹಚ್ಚಿದ್ದು.
ಔಲು ಬಂದರು, ಜನವರಿ,
ಕಿಟಕಿಯಾಚೆ ಮೈನಸ್ ಇಪ್ಪತ್ತಾರು,
ಈಚೆ ಮೇಲ್ ತಂತ್ರಾಂಶದ ಪುಟ್ಟ ಪೆಟ್ಟಿಗೆಯೊಂದು ಕೇಳುತ್ತಿದೆ:
ಹೊಸ ಪತ್ರಕ್ಕೆ ಯಾವ ರುಜು? ಮಾರೋಲೆಗೆ ಯಾವುದು?
ಮಾರೆತ್ ಎರ್ವಸ್ತಿ ಎಂದು ದಪ್ಪಕ್ಷರದಲ್ಲಿ ಬರೆದೆ,
ಓರೆ ಮಾಡಿದೆ, ನೆಟ್ಟಗೆ ಮಾಡಿದೆ,
ಪಕ್ಕದಲ್ಲೊಂದು ಲಂಗರು ನಿಲ್ಲಿಸಿ
ಮೀನಿನ ಗಾಳದ ಹಾಗಿದೆಯೆಂದು ಅಳಿಸಿದೆ.
ನೀಲಿಯಲ್ಲೇ ಹನ್ನೊಂದು ಬಗೆ.
ಕಾಫಿ ಎರಡು ಸಲ ಆರಿತು.

ಪಟ್ಟಿಯಲ್ಲಿ ನನ್ನದರ ಕೆಳಗೆ ಇನ್ನೊಂದಿತ್ತು:

--
ತೌನೊ ಹೆಕ್ಕಲ
ಹಿಮ ವೀಕ್ಷಕ
(ಈಗ ಯಾರೂ ಎತ್ತದ ಒಂದು ಫೋನ್ ನಂಬರು)
ಮೂರನೇ ಬೋಯಾ ಹತ್ತಿರ ಒಂಬತ್ತು. ಕಾಲು ಬೇಡ ಅಂದಿತು.

ತೌನೊ ನವೆಂಬರಿನಲ್ಲಿ ತೀರಿಕೊಂಡ.
ಹಿಮ ಒಡೆದು ಅಲ್ಲ,
ಆಸ್ಪತ್ರೆಯ ಬೆಚ್ಚನೆ ಕೋಣೆಯಲ್ಲಿ, ಸಾಕ್ಸ್ ಹಾಕಿಕೊಂಡು.
ಅಳಿಸು ಎಂದೆ. ಖಚಿತವೇ? ಎಂದು ಕೇಳಿತು.
ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಖಚಿತ.

ನಾಲ್ಕನೇ ದಿನ ಲೂಲಿಯೊದಿಂದ ಕಪ್ತಾನ ಸಿಕ್ಸ್ಟೆನ್ ಬರೆದ:
ವರದಿ ಬಂತು, ಉಪಗ್ರಹದ ನಕ್ಷೆ ಬಂತು, ನಾಲ್ಕು ಬಣ್ಣ, ಚೆನ್ನಾಗಿದೆ.
ನಿಮ್ಮ ಹೆಸರು ಕೂಡ ತುಂಬ ನೀಲಿ.
ಕಡೆಯ ಸಾಲು ಎಲ್ಲಿ?
ಕಾಲು ಏನಂದಿತು?

ಕಳಿಸಿದ ಪತ್ರಗಳ ಉಗ್ರಾಣ ತೆರೆದೆ.
ಹತ್ತೊಂಬತ್ತು ಚಳಿಗಾಲ.
ರುಜು ಅಂದರೆ ಒಮ್ಮೆ ಬರೆದು ಮರೆಯುವುದು,
ಮನೆ ಬಾಗಿಲಿನ ಹೆಸರುಹಲಗೆಯ ಹಾಗೆ.
ಈ ಮನುಷ್ಯ ಅದನ್ನು ದಿನಾ ಬೆಳಿಗ್ಗೆ ಕಿತ್ತು
ಹೊಸದಾಗಿ ಮೊಳೆ ಹೊಡೆದಿದ್ದಾನೆ.
ನಲವತ್ತೊಂದು. ನಿಂತಿತು.
ಐವತ್ತೆಂಟು. ಕೊರೆಯುವ ಬೈರಿಗೆ ಮೊಂಡಾಯಿತು.
ಇಪ್ಪತ್ತೆಂಟು. ಸೀಲೊಂದು ನನ್ನನ್ನು ನೋಡಿತು, ನಾನೂ ನೋಡಿದೆ.
ಇವತ್ತು ಹೋಗಲಿಲ್ಲ, ಮಗಳು ಬಂದಿದ್ದಾಳೆ.
ಕೋಟು ಹಾಳುಮಾಡಿದ ಲಾಂಡ್ರಿಯವನಿಗೆ ಬರೆದ ಬೈಗುಳದ ಪತ್ರ,
ಅದರ ಅಡಿಯಲ್ಲೂ: ಮೂವತ್ಮೂರು, ಅಂಚಿನಲ್ಲಿ ನೀರು.
ಅವನ ಅಂಗಡಿ ಇದ್ದದ್ದು ಊರೊಳಗೆ, ಬೆಟ್ಟದ ಮೇಲೆ.

ಒಬ್ಬರ ಉತ್ತರದಲ್ಲೂ ಆ ಸಾಲು ಉಳಿದಿಲ್ಲ.
ಗೀಟು, ಗೀಟು, ಒಂದು ತೆರಪು:
ಇಷ್ಟು ಕಂಡರೆ ಸಾಕು,
ಕೆಳಗಿನದನ್ನು ಯಂತ್ರ ತಾನೇ ಕತ್ತರಿಸಿ ಬಿಸಾಡುತ್ತದೆ,
ಇದು ಮಾತಲ್ಲ, ಬಾಲ, ಎಂದು.
ಬೇಕೆಂದೇ ಅಲ್ಲಿ ಇಟ್ಟನೋ,
ಮೇಲಧಿಕಾರಿಯ ಕಣ್ಣು ಅಷ್ಟು ಕೆಳಗಿಳಿಯುವುದಿಲ್ಲವೆಂದೋ,
ಕೇಳೋಣವೆಂದರೆ ಆ ನಂಬರನ್ನು ಯಾರೂ ಎತ್ತುವುದಿಲ್ಲ.

ಕೈ ಇಟ್ಟರೆ ರುಜು,
ಕಾಲಿಟ್ಟರೆ ರುಜುವಾತು,
ಹೀಗೇನೋ ಹೊಳೆದು, ಹೊಳೆದದ್ದಕ್ಕೆ ನಾಚಿ,
ಬೂಟು ಹುಡುಕಿದೆ.

ಹಿಮದ ಮೇಲೆ ಮೊದಲ ಹೆಜ್ಜೆಗೆ ಸದ್ದಿಲ್ಲ.
ಎಂಟನೆಯದಕ್ಕೆ, ದೂರದಲ್ಲೆಲ್ಲೋ,
ಯಾರೋ ದೊಡ್ಡ ಬಟ್ಟೆ ಹರಿದಂತೆ.
ನಿಂತೆ. ಮೊಣಕಾಲು ನನ್ನದೆನಿಸಲಿಲ್ಲ.
ಬೈರಿಗೆ ಇಳಿದು, ಇಳಿದು, ಒಮ್ಮೆಲೇ ಹಗುರಾಗಿ
ತೂತಿನಲ್ಲಿ ಕಪ್ಪು ನೀರು ಉಕ್ಕಿತು.
ಅಳತೆಕೋಲು ಇಳಿಸಿದೆ, ಓದಿದೆ,
ನಂಬದೆ ಮತ್ತೆ ಇಳಿಸಿದೆ.

ಮರಳಿ ಬಂದು ಕೈಗವಸು ಹಲ್ಲಿನಿಂದ ಎಳೆದು,
ಮಾತು ಕೇಳದ ಬೆರಳುಗಳಲ್ಲಿ
ಪುಟ್ಟ ಪೆಟ್ಟಿಗೆ ತೆರೆದೆ.
ನೀಲಿ ಹೋಯಿತು, ದಪ್ಪ ಹೋಯಿತು.
ಗೀಟು, ಗೀಟು, ತೆರಪು.
ಹೆಸರು. ಹುದ್ದೆ. ನಂಬರು.
ಮೂವತ್ತಾರು. ಎರಡು ಸಲ ನೋಡಿದೆ. ಹೆದರಿಕೆಯಾಯಿತು.
ಇದನ್ನೇ ಕಾಯಂ ಮಾಡಲೇ? ಎಂದಿತು ತಂತ್ರಾಂಶ.
ನಾಳೆ ಬೆಳಗಿನ ತನಕ, ಎನ್ನಲು ಅಲ್ಲಿ ಗುಂಡಿಯಿಲ್ಲ.
ಹ್ಞೂಂ ಎಂದೆ.

ನಂಬರಿನ ಕೊನೆಯ ಅಂಕಿ ತಪ್ಪಾಗಿತ್ತು,
ಮಾರ್ಚಿಯಲ್ಲಿ ನಾನೇ ಕಂಡೆ.
ಅಷ್ಟು ದಿನ ಒಬ್ಬರೂ ಫೋನ್ ಮಾಡಲು ನೋಡಿರಲಿಲ್ಲ.
ನಾಲ್ಕನೇ ಸಾಲು ಒಂದು ಬೆಳಿಗ್ಗೆ ತಡವಾದಾಗ ಮಾತ್ರ
ಕೊಲ್ಲಿಯ ಎರಡೂ ದಡದಿಂದ, ಏಳು ಹಡಗು,
ಏಳು ಪತ್ರ.